ಮಕ್ಕಳ ಕಲಿಕೆಗೆ ತಕ್ಕಡಿ ಯಾವುದು?

ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಸುಗ್ಗಿ ಬಂದಿತೆಂದರೆ ತಕ್ಕಡಿಗೆ ಬಿಡುವಿರದು. ಯಲ್ದೂರಿನ ರೈತನು ಕಾಯನ್ನು ಮಂಡಿಗೆ ಒಯ್ದಾಗ ತೂಕ ಸರಿಯಾಗಿದೆಯೇ ಎಂದು ಮೊದಲು ನೋಡುವನು. ಅದೇ ರೈತನು ಮಗಳ ಅಂಕಪಟ್ಟಿಯನ್ನು ಕೈಗೆತ್ತಿಕೊಂಡಾಗ ಮಾತ್ರ ಈ ತಕ್ಕಡಿ ಯಾವುದನ್ನು ತೂಗಿತೆಂದು ಕೇಳುವುದಿಲ್ಲ. ಕೇಳಬೇಕೆಂಬುದೇ ನಮ್ಮ ಬಿನ್ನಹ.

ಹಿಂದೆ ಮೈಸೂರು ಸಂಸ್ಥಾನದಲ್ಲಿ ಮಿಡ್ಲ್ ಸ್ಕೂಲಿನ ಕೊನೆಗೆ ಲೋವರ್ ಸೆಕೆಂಡರಿ ಪರೀಕ್ಷೆಯಿದ್ದಿತು. ಅದು ಬಾಗಿಲು ಕಾಯುವ ಪರೀಕ್ಷೆ. ತೇರ್ಗಡೆಯಾದವನು ಮುಂದಕ್ಕೆ, ಆಗದವನು ಹಿಂದಕ್ಕೆ. ಇನ್ನೊಂದು ಬಗೆಯ ಪರೀಕ್ಷೆಯುಂಟು. 2021ರ ನವೆಂಬರ್ 12ರಂದು ದೇಶವೆಲ್ಲಕ್ಕೂ ಒಂದೇ ದಿನ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ ಅಂತಹುದು. ಆಯ್ದ ಶಾಲೆಗಳಲ್ಲಿ 3, 5, 8 ಮತ್ತು 10ನೆಯ ತರಗತಿಯ ಮಕ್ಕಳು ಅದನ್ನು ಬರೆದರು. ಅದರ ಫಲಿತಾಂಶವು ಜಿಲ್ಲೆಯ ಹೆಸರಿನಲ್ಲಿ ಹೊರಬಂದಿತೇ ಹೊರತು ಮಗುವಿನ ಹೆಸರಿನಲ್ಲಲ್ಲ. ಅಲ್ಲಿ ತೂಗಲ್ಪಟ್ಟುದು ಬೋಧನೆ, ಮಗುವಲ್ಲ.

ಈ ಎರಡನ್ನೂ ಬೆರೆಸಿದರೆ ಗೊಂದಲವಾಗುವುದು. 2024ರ ಮಾರ್ಚಿ ತಿಂಗಳಲ್ಲಿ ನಮ್ಮ ರಾಜ್ಯದ 5, 8 ಮತ್ತು 9ನೆಯ ತರಗತಿಗಳ ಮಂಡಳಿ ಪರೀಕ್ಷೆಯು ನ್ಯಾಯಾಲಯದ ಆಜ್ಞೆಗಳ ನಡುವೆ ಆರಂಭವಾಗಿ, ನಿಂತು, ಮತ್ತೆ ನಡೆಯಿತು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೆ ತಡೆಯಿತ್ತಿತು. ಪ್ರಾಥಮಿಕ ಶಿಕ್ಷಣವು ಮುಗಿಯುವವರೆಗೆ ಮಗುವು ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆನ್ನಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 30ನೆಯ ಪ್ರಕರಣವು ಹೇಳುವುದು. ಓದಿದ ಮಕ್ಕಳೂ, ಕಾದ ತಾಯಿತಂದೆಗಳೂ ನಡುವೆ ನಿಂತರು.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯಾದರೆ ನ್ಯಾಯವಾದಂತೆಯೇ? ನಮ್ಮ ಗಡಿಯ ಸೀಮೆಯನ್ನು ನೋಡಿರಿ. ಅನೇಕ ಮನೆಗಳಲ್ಲಿ ತೆಲುಗು ಮಾತು; ಶಾಲೆಯಲ್ಲಿ ಕನ್ನಡದ ಓದು. 20 ಕಿಲೋ ತೂಗುವ 15 ಪೆಟ್ಟಿಗೆ ಮಾವು, ಕಿಲೋವಿಗೆ 30 ರೂಪಾಯಿ, ನೂರಕ್ಕೆ 10ರಂತೆ ದಲ್ಲಾಳಿ ಕಳೆದರೆ ಮಿಕ್ಕ ಹಣವೆಷ್ಟು? ಮಂಡಿಯಲ್ಲಿ ತಂದೆಯ ಪಕ್ಕದಲ್ಲಿ ನಿಂತ ಹುಡುಗನು 8,100 ಎಂದು ಬಾಯಿಲೆಕ್ಕದಲ್ಲಿಯೇ ಹೇಳಿಬಿಡಬಹುದು. ಅದೇ ಲೆಕ್ಕವು ‘ಶೇಕಡಾ’, ‘ನಿವ್ವಳ’ ಎಂಬ ಮಾತುಗಳೊಡನೆ ಕಾಗದದ ಮೇಲೆ ಬಂದರೆ ಅವನೇ ಸುಮ್ಮನಾಗಬಹುದು. ಆಗ ಸೊನ್ನೆ ಬಿದ್ದುದು ಗಣಿತಕ್ಕಲ್ಲ, ಭಾಷೆಗೆ. ಅಂಕಪಟ್ಟಿಯಾದರೋ ಗಣಿತವೆಂದೇ ಬರೆದುಕೊಳ್ಳುವುದು.

ಹಾಗೆಂದು ಪರೀಕ್ಷೆಯೇ ಬೇಡವೆನ್ನಲಾಗದು. ಒಂದೇ ಅಳತೆಯಿಲ್ಲದಿದ್ದರೆ ಹಳ್ಳಿಯ ಶಾಲೆಯು ಹಿಂದೆ ಬಿದ್ದುದು ಯಾರಿಗೂ ತಿಳಿಯದೆ ಹೋಗುವುದು. ಮುಚ್ಚಿಟ್ಟ ಕೊರತೆಯನ್ನು ತುಂಬುವವರಾರು? ಅಳತೆ ಬೇಕು, ಆದರೆ ಅದು ತೀರ್ಪಾಗಬಾರದು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಪರೀಕ್ಷೆಗಳನ್ನು ಗೆದ್ದು ಮೈಸೂರು ಸಿವಿಲ್ ಸರ್ವಿಸನ್ನು ಸೇರಿದರು. ಕನ್ನಡಕ್ಕೆ ಇಬ್ಬರೂ ಬೇಕಾದವರೇ.

ಆದುದರಿಂದ, ಗೃಹಸ್ಥರೇ, ಮುಂದಿನ ಸಲ ಅಂಕಪಟ್ಟಿ ಬಂದಾಗ ಮೊತ್ತವನ್ನು ನೋಡಿ ಗದರಬೇಡಿರಿ. ಶಾಲೆಗೆ ಹೋಗಿ ಉತ್ತರಪತ್ರಿಕೆಯನ್ನು ತೋರಿಸಲು ಉಪಾಧ್ಯಾಯರನ್ನು ಬೇಡಿರಿ. ತಪ್ಪಿದ ಪ್ರಶ್ನೆಯನ್ನು ಮನೆಮಾತಿನಲ್ಲಿ ಮತ್ತೊಮ್ಮೆ ಕೇಳಿರಿ. ಮಗುವು ಸರಿಯಾಗಿ ಹೇಳಿದರೆ ಕಲಿಸಬೇಕಾದುದು ಭಾಷೆ; ಹೇಳದಿದ್ದರೆ ಲೆಕ್ಕ. ಇಷ್ಟು ತಿಳಿದರೆ ಪರೀಕ್ಷೆಯು ಸಾರ್ಥಕವಾಯಿತು. ತೂಗಿದುದು ಕಾಯನ್ನು, ಮರವಿನ್ನೂ ಬೆಳೆಯುತ್ತಿದೆ.