ಗ್ರೀನ್ ಟೀ ಬೇರೆ ಗಿಡ ಅಲ್ಲ, ಸ್ವಾಮಿ!

ಮೂಡುಬಿದಿರೆಯ ನಮ್ಮ ಚಿಕ್ಕಮ್ಮನಿಗೆ ರಕ್ತ ಕಡಿಮೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ವಿಚಾರಿಸಿದರೆ, ಊಟ ಆದ ಕೂಡಲೇ ಮಾತ್ರೆ, ಅದರ ಮೇಲೆ ಒಂದು ಲೋಟ ಗ್ರೀನ್ ಟೀ! "ನೀನೇ ಟಿವಿಯಲ್ಲಿ ಒಳ್ಳೇದು ಅಂತ ಹೇಳಿದ್ದಲ್ವಾ ಮಾರಾಯಾ?" ಅಂದರು. ಹೌದು, ಹೇಳಿದ್ದೆ. ಆದರೆ ಅರ್ಧ ಮಾತ್ರ. ಉಳಿದರ್ಧ ಇವತ್ತು ಹೇಳ್ತೀನಿ.

ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರ. ಅಲ್ಲಿಂದ ಕೆಳಗೂರು ಟೀ ತೋಟ ಹತ್ತಿರ. ಯಾವ ತೋಟಕ್ಕೇ ಹೋಗಿ, ಕಪ್ಪು ಟೀ, ಗ್ರೀನ್ ಟೀ ಎರಡೂ ಒಂದೇ ಜಾತಿಯ ಗಿಡದ ಎಲೆ: ಕ್ಯಾಮೆಲಿಯಾ ಸೈನೆನ್ಸಿಸ್. ಎಲೆಯಲ್ಲಿ ಕ್ಯಾಟೆಚಿನ್ ಎಂಬ ಅಂಶವಿದೆ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುತ್ತದಲ್ಲ, ಹಾಗೆಯೇ ಹಿಂಡಿದ ಟೀ ಎಲೆ ಗಾಳಿ ತಾಗಿ ಕಪ್ಪಾಗುತ್ತದೆ, ಕ್ಯಾಟೆಚಿನ್‌ನ ಬಹುಪಾಲು ರೂಪ ಬದಲಿಸುತ್ತದೆ. ಮೊದಲೇ ಬಿಸಿ ಕೊಟ್ಟು ಅದನ್ನು ತಡೆದರೆ ಗ್ರೀನ್ ಟೀ. ಇಷ್ಟೇ ವ್ಯತ್ಯಾಸ.

ಈ ಗಿಡದಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಎಲೆಯ ಅಸ್ಸಾಂ ಬಗೆಯಲ್ಲಿ ಸಾಮಾನ್ಯವಾಗಿ ಕ್ಯಾಟೆಚಿನ್ ಜಾಸ್ತಿ, ಹಾಗಾಗಿ ಕಡಕ್. ಸಣ್ಣ ಎಲೆಯ ಚೀನಾ ಬಗೆಯಲ್ಲಿ ಅದು ಕಡಿಮೆ, ರುಚಿ ಮೃದು. ದಾಯಾದಿಗಳೂ ಇದ್ದಾರೆ. ದಕ್ಷಿಣ ಚೀನಾದ ಕ್ಯಾಮೆಲಿಯಾ ಟಿಲೋಫಿಲ್ಲಾದಲ್ಲಿ ಕೆಫೀನ್ ಬದಲು, ನಮ್ಮ ತೋಟದ ಕೋಕೋದಲ್ಲಿರುವ ಥಿಯೋಬ್ರೋಮಿನ್ ಇರುತ್ತದೆ. ಒಂದೇ ಕುಲ, ಗುಣ ಮಾತ್ರ ಬೇರೆ!

ಈಗ ಚಿಕ್ಕಮ್ಮನ ವಿಷಯ. ಕ್ಯಾಟೆಚಿನ್‌ನಂಥ ಅಂಶಗಳು ಸೊಪ್ಪು, ಬೇಳೆ, ಮಾತ್ರೆಯ ಕಬ್ಬಿಣವನ್ನು ಹೊಟ್ಟೆಯೊಳಗೇ ಹಿಡಿದಿಡುತ್ತವೆ. ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಪ್ಪು ಟೀಯೂ ಇದನ್ನೇ ಮಾಡುತ್ತದೆ. ಹಾಗಾಗಿ ರಕ್ತ ಕಡಿಮೆ ಇರುವವರು, ಬಸುರಿಯರು ಊಟಕ್ಕೂ ಟೀಗೂ ಕನಿಷ್ಠ ಒಂದು ಗಂಟೆ ಅಂತರ ಇಡಿ. ಮಾತ್ರೆಯನ್ನಂತೂ ಟೀ ಜೊತೆ ನುಂಗಲೇಬೇಡಿ.

ಇನ್ನೊಂದು ಎಚ್ಚರಿಕೆ. ತೂಕ ಇಳಿಸ್ತೀವಿ ಅಂತ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ನುಂಗುವವರಿದ್ದಾರೆ. ಅದರಲ್ಲಿರುವ ಇಜಿಸಿಜಿ ಎಂಬ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ.

ಚಿಕ್ಕಮ್ಮ ಈಗ ಟೀ ಬಿಟ್ಟಿಲ್ಲ, ಸಂಜೆ ನಾಲ್ಕಕ್ಕೆ ಕುಡೀತಾರೆ. ಎಲೆಯಲ್ಲಿ ಒಳ್ಳೆಯದು ಇದೆ ನಿಜ. ಯಾವಾಗ, ಎಷ್ಟು ಅನ್ನೋದನ್ನೂ ನಾವು ಟಿವಿಯವರು ಹೇಳಬೇಕು, ನೀವೂ ಕೇಳಬೇಕು.