ಗಡಿಯಂಚಿನ ಸ್ವರಾಜ್ಯ
ಗಜೇಂದ್ರಗಡದ ಶಿಬಿರವೂ ಕುರ್ದರ ನಾಡೂ

ಗಜೇಂದ್ರಗಡದ ಕೋಟೆಯ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಕುಷ್ಟಗಿಯ ಸೀಮೆ, ದಕ್ಷಿಣಕ್ಕೆ ತಿರುಗಿದರೆ ಯಲಬುರ್ಗೆಯ ಸೀಮೆ. ಒಂದೇ ಎರೆ ಮಣ್ಣು, ಒಂದೇ ಜೋಳ, ಒಂದೇ ಮಾತು. ಬೀಗತನವೂ ಎರಡೂ ಕಡೆಗೆ. ಆದರೂ 1947ನೆಯ ಇಸವಿಯ ಅಗಸ್ಟ 15ರಂದು ರೋಣ, ನರಗುಂದಗಳಲ್ಲಿ ಸ್ವಾತಂತ್ರ್ಯದ ಧ್ವಜವೇರುತ್ತಿದ್ದಾಗ ಆಚೆಯ ಹಳ್ಳಿಗಳಲ್ಲಿ ಅದೇ ಧ್ವಜವನ್ನು ಹಿಡಿದವನಿಗೆ ಸೆರೆಮನೆ ಕಾದಿತ್ತು. ಯಾಕಂದರೆ ಆಚೆಯದು ನಿಜಾಮನ ರಾಜ್ಯವು. ಹೈದರಾಬಾದು ಸಂಸ್ಥಾನವು ಹಿಂದುಸ್ತಾನದಲ್ಲಿ ಕೂಡಲೊಲ್ಲದೆ ಸ್ವತಂತ್ರವಾಗಿಯೇ ಇರಬೇಕೆಂದು ಹಟ ಹಿಡಿದು ಕುಳಿತಿತ್ತು.

ಮುಂದಿನ ಹದಿಮೂರು ತಿಂಗಳು ಈ ಗಡಿಯಲ್ಲಿ ನಡೆದುದನ್ನು ಹಿರಿಯರ ಬಾಯಿಂದ ಕೇಳಿದ ವಾಚಕರು ಅನೇಕರಿರಬಹುದು. ಕಾಸಿಂ ರಜ್ವಿಯ ರಜಾಕಾರರ ಕಾಟಕ್ಕೆ ಬೇಸತ್ತ ಜನರು ಗಂಟುಮೂಟೆ ಕಟ್ಟಿಕೊಂಡು ಈಚೆಗೆ ಬಂದರು. ಅವರ ಬೆನ್ನಿಗೇ ಹೋರಾಟಗಾರರೂ ಬಂದರು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ಕಟ್ಟಿದರು. ಹಗಲು ಕವಾಯತು, ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆಗಳ ಮೇಲೆಯೂ ಪೋಲೀಸ ಠಾಣೆಗಳ ಮೇಲೆಯೂ ಏರಿಹೋಗುವದು, ಇದು ಅವರ ದಿನಚರಿ. ನಿಜಾಮನ ನೌಕರರು ಕಾಲ್ತೆಗೆದ ಹಳ್ಳಿಗಳಲ್ಲಿ ಅವನ ಆಡಳಿತವು ಹೆಸರಿಗೆ ಮಾತ್ರ ಉಳಿದು, ಶಿಬಿರದವರ ಮಾತೇ ಆಜ್ಞೆಯಾಯಿತು.

ಸರಕಾರವು ಓಡಿಹೋದ ಊರಿನಲ್ಲಿ ಸರಕಾರವಾಗುವದು ಬಂದೂಕು ಹಾರಿಸಿದಷ್ಟು ಸುಲಭವಲ್ಲ. ಕಳವು ಮಾಡಿದವನನ್ನು ಯಾರ ಮುಂದೆ ನಿಲ್ಲಿಸಬೇಕು? ಬದುವಿನ ಜಗಳವನ್ನು ಯಾರು ತೀರಿಸಬೇಕು? ಕಂದಾಯವನ್ನು ಎತ್ತಬೇಕೋ ಬೇಡವೋ? ಈ ಪ್ರಶ್ನೆಗಳು ಹುಟ್ಟಿದ ದಿನವೇ ಬಂಡಾಯವು ಆಡಳಿತವಾಗತೊಡಗುವದು. ಇಂಥ ಆಡಳಿತದ ಆಯುಷ್ಯವೆಷ್ಟು ಎಂಬುದೇ ಇಲ್ಲಿ ವಿಚಾರಿಸಬೇಕಾದ ಮಾತು.

ಇದೇ ಪ್ರಶ್ನೆಯು ನಮ್ಮ ಕಾಲದಲ್ಲಿ ದೂರದ ಸಿರಿಯಾ ದೇಶದಲ್ಲಿಯೂ ಎದ್ದಿತು. ಅಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಾಗ, 2012ರ ಜುಲೈಯಲ್ಲಿ, ಸರಕಾರದ ದಂಡು ಉತ್ತರದ ಊರುಗಳಿಂದ ಹಿಂದೆ ಸರಿಯಿತು. ಆ ಊರುಗಳ ಕುರ್ದ ಜನರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು 2014ರ ಜನವರಿಯಲ್ಲಿ ಸ್ವಾಯತ್ತತೆಯನ್ನು ಸಾರಿದರು. ಓಣಿಗೊಂದು ಸಭೆ, ಪ್ರತಿ ಅಧಿಕಾರಸ್ಥಾನಕ್ಕೂ ಒಬ್ಬ ಗಂಡಸು ಒಬ್ಬ ಹೆಂಗಸು, ಒಕ್ಕಲುತನಕ್ಕೆ ಸಹಕಾರಿ ಸಂಘ, ಹೀಗೆ ಸಮಾಜವಾದದ ಮಾದರಿಯೊಂದನ್ನು ಹಾಕಿಕೊಂಡರು. ಕೊಬಾನಿ ಪಟ್ಟಣವನ್ನು ಮುತ್ತಿದ ಐಸಿಸ್ ಪಡೆಯನ್ನು ಅವರ ಗಂಡಸರೂ ಹೆಂಗಸರೂ ತಿಂಗಳುಗಟ್ಟಲೆ ಎದುರಿಸಿ 2015ರ ಜನವರಿಯಲ್ಲಿ ಹೊರಗಟ್ಟಿದರು. ಆಕಾಶದಿಂದ ಅಮೇರಿಕೆಯ ವಿಮಾನಗಳ ಬೆಂಬಲವಿತ್ತು. ಆದರೆ 2018ರಲ್ಲಿ ತುರ್ಕಸ್ತಾನವು ಆಫ್ರಿನ್ ಪ್ರಾಂತವನ್ನು ಕಿತ್ತುಕೊಂಡಾಗ ಆ ವಿಮಾನಗಳು ಬರಲಿಲ್ಲ. 2019ರ ಅಕ್ಟೋಬರದಲ್ಲಿ ಅಮೇರಿಕೆಯ ಸೈನಿಕರು ಗಡಿಯಿಂದ ಹಿಂದೆಗೆದಾಗ ತುರ್ಕರು ಮತ್ತೊಂದು ಪಟ್ಟಿಯನ್ನು ಗೆದ್ದುಕೊಂಡರು. 2024ರ ಡಿಸೆಂಬರದಲ್ಲಿ ಅಸಾದನ ಸರಕಾರವು ಬಿದ್ದಿತು. 2025ರ ಮಾರ್ಚ 10ರಂದು ಕುರ್ದರ ಸೇನಾನಿಯು ತಮ್ಮ ಪಡೆಯನ್ನೂ ಆಡಳಿತವನ್ನೂ ಹೊಸ ಸಿರಿಯಾ ರಾಜ್ಯದಲ್ಲಿ ಕೂಡಿಸುವ ಕರಾರಿಗೆ ಸಹಿ ಹಾಕಿದನು.

ಕುರ್ದರ ಶೌರ್ಯದಲ್ಲಿ ಕೊರತೆ ಇತ್ತೆಂದು ಯಾರೂ ಅನ್ನಲಾರರು. ಕೊರತೆಯಿದ್ದುದು ಬೆನ್ನಿನ ಕಡೆಗೆ. ಉತ್ತರಕ್ಕೆ ಹಗೆ, ದಕ್ಷಿಣಕ್ಕೆ ತಮ್ಮನ್ನೊಪ್ಪದ ಸರಕಾರ, ಗೆಳೆಯನಾದರೋ ಸಮುದ್ರದಾಚೆಯವನು. ಗಜೇಂದ್ರಗಡದ ಶಿಬಿರಕ್ಕೆ ಹಾಗಿರಲಿಲ್ಲ. ಹಿಂದೆ ರೋಣ, ಗದಗ, ಧಾರವಾಡಗಳಿದ್ದವು. ಅಲ್ಲಿ ಆಳುತ್ತಿದ್ದವರೂ ಕಾಂಗ್ರೆಸ್ಸಿನವರೇ.

ಬೆನ್ನಿಲ್ಲದ ಹೋರಾಟದ ಗತಿಯನ್ನು ನಮ್ಮ ಸೀಮೆಯು ಅದಕ್ಕೆ ತೊಂಬತ್ತು ವರ್ಷ ಮೊದಲೇ ಕಂಡಿತ್ತು. 1858ರ ಮೇ ತಿಂಗಳ ಕೊನೆಗೆ ಮುಂಡರಗಿಯ ಭೀಮರಾಯನು ಇದೇ ಗಡಿಯನ್ನು ದಾಟಿ ನಿಜಾಮನ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದನು. ನರಗುಂದದ ಬಾಬಾಸಾಹೇಬನು ಸುರೇಬಾನದಲ್ಲಿ ಮ್ಯಾನ್‌ಸನ್ ಸಾಹೇಬನನ್ನು ಕೊಂದನು. ಆದರೆ ಈಚೆಗೆ ಕಂಪನಿಯ ದಂಡು, ಆಚೆಗೆ ಕಂಪನಿಯ ಮಿತ್ರನಾದ ನಿಜಾಮ. ಜೂನ 1ರಂದು ಭೀಮರಾಯನು ಕೊಪ್ಪಳದಲ್ಲಿ ಮಡಿದನು. 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎರಡು ವಾರಗಳ ಮಾತು!

ಬೆನ್ನಿದ್ದರೂ ಅದಕ್ಕೆ ಬೆಲೆ ಕೊಡಬೇಕಾಗುವದು. 1948ರ ಸಪ್ಟಂಬರ 13ರಂದು ಹಿಂದುಸ್ತಾನದ ಸೈನ್ಯವು ಹೈದರಾಬಾದಿನೊಳಗೆ ನುಗ್ಗಿತು. 17ಕ್ಕೆ ನಿಜಾಮನು ಶರಣಾದನು. ಶಿಬಿರಗಳ ಕೆಲಸವು ಅಲ್ಲಿಗೆ ಮುಗಿಯಿತು. ಹಳ್ಳಿಗಳನ್ನು ಬಿಡಿಸಿದವರಿಗೆ ಅವುಗಳ ಆಡಳಿತವು ಸಿಕ್ಕಲಿಲ್ಲ. ಜನರಲ್ ಚೌಧುರಿಯವರು ಲಷ್ಕರಿ ಗವ್ಹರ್ನರರಾಗಿ ಬಂದರು. ಕನ್ನಡಿಗರು ಇದನ್ನು ಸಂತೋಷದಿಂದಲೇ ಒಪ್ಪಿದರು, ಅವರು ಬಯಸಿದ್ದು ಹಿಂದುಸ್ತಾನದಲ್ಲಿ ಕೂಡುವದನ್ನೇ ಅಲ್ಲವೆ! ತೆಲಂಗಾಣದ ಕಮ್ಯುನಿಸ್ಟರು ಮಾತ್ರ ಒಪ್ಪಲಿಲ್ಲ. ಅವರ ಲೆಕ್ಕದಂತೆ ಸುಮಾರು 3,000 ಹಳ್ಳಿಗಳಲ್ಲಿ ದೇಶಮುಖರ ಭೂಮಿಯನ್ನು ಕಿತ್ತು ಬಡವರಿಗೆ ಹಂಚಲಾಗಿತ್ತು. ಕುರ್ದರ ಪ್ರಯೋಗಕ್ಕೆ ನಮ್ಮ ಶಿಬಿರಗಳಿಗಿಂತ ಹತ್ತಿರದ ನಂಟು ಇದರದು. ನಿಜಾಮನೊಡನೆ ಕಾದಿದವರು ಈಗ ನೆಹರೂ ಸರಕಾರದೊಡನೆ ಕಾದರು. 1951ರ ಅಕ್ಟೋಬರದಲ್ಲಿ ಕೈಬಿಟ್ಟರು. ಹಂಚಿದ ಭೂಮಿಯಲ್ಲಿ ಬಹಳಷ್ಟು ಹಳೆಯ ಒಡೆಯರಿಗೆ ಮರಳಿತು.

ಎಲ್ಲವೂ ನೀರಿನಲ್ಲಿ ಮಾಡಿದ ಹೋಮವಾಯಿತೆನ್ನುವದು ಮಾತ್ರ ಸರಿಯಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. ಸಾಲಾರಜಂಗನ ಜಾಗೀರಾಗಿದ್ದ ಕೊಪ್ಪಳವೂ ಬಿಡುಗಡೆ ಹೊಂದಿತು. 1952ರ ಮೊದಲನೆಯ ಚುನಾವಣೆಯಲ್ಲಿ ಅಳವಂಡಿಯ ಸ್ವಾಮಿಗಳು ಯಾವ ಪಕ್ಷಕ್ಕೂ ಸೇರದೆ ಕುಷ್ಟಗಿಯಿಂದ ನಿಂತು ಲೋಕಸಭೆಗೆ ಆರಿಸಿಬಂದರು. ಶಿಬಿರದಲ್ಲಿ ಗಳಿಸಿದ ವಿಶ್ವಾಸವು ಮತಪೆಟ್ಟಿಗೆಯಲ್ಲಿ ಕಂಡಿತೆಂದೇ ನಾನು ತಿಳಿಯುತ್ತೇನೆ. 1956ರ ನವ್ಹೆಂಬರ 1ಕ್ಕೆ ರೋಣವೂ ಕುಷ್ಟಗಿಯೂ ಒಂದೇ ರಾಜ್ಯದೊಳಗಾದವು.

ಆದರೂ ಗಡಿಯು ಅಳಿಸಿಹೋಗಿಲ್ಲ. ನಿಜಾಮನ ಆಳಿಕೆಯಲ್ಲಿ ಹಿಂದುಳಿದ ಜಿಲ್ಲೆಗಳಿಗೆ ನಮ್ಮ ಸಂವಿಧಾನವು 2012ರ ತಿದ್ದುಪಡಿಯಿಂದ 371-ಜೆ ಎಂಬ ಕಲಮನ್ನು ಸೇರಿಸಿ, ಬೇರೆ ಅಭಿವೃದ್ಧಿ ಮಂಡಳಿಯನ್ನೂ ವಿದ್ಯೆ ನೌಕರಿಗಳಲ್ಲಿ ಮೀಸಲು ಸ್ಥಾನಗಳನ್ನೂ ಒದಗಿಸಿದೆ. ಬಂದೂಕಿಲ್ಲದೆ, ರಾಜ್ಯದೊಳಗೇ ದೊರೆತ ವಿಶೇಷ ಸ್ಥಾನವಿದು. ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ಇದರ ಲಾಭವುಂಟು. ಅವರ ಅಜ್ಜಂದಿರಿಗೆ ಅನ್ನವಿಕ್ಕಿ ಆಶ್ರಯ ಕೊಟ್ಟ ಗಜೇಂದ್ರಗಡವು ಗದಗ ಜಿಲ್ಲೆಯಲ್ಲಿರುವದರಿಂದ ಅದರ ಹೊರಗೆ ಉಳಿದಿದೆ.