ಪ್ಲಗ್ ಹಾಕುವ ಮೊದಲು

ಅಟ್ಟದಿಂದ ಹಳೆಯ ರೇಡಿಯೊ ಇಳಿಸಿದ ಮನೆಗಳಲ್ಲಿ ಮೊದಲು ಆಗುವ ಎಡವಟ್ಟು ಎಲ್ಲ ಕಡೆಯೂ ಒಂದೇ. ಒದ್ದೆ ಬಟ್ಟೆಯಿಂದ ಧೂಳು ಒರೆಸುತ್ತಾರೆ, ಆಮೇಲೆ ‘ನಡೀತದೇನು ನೋಡೋಣು’ ಎಂದು ಪ್ಲಗ್ ಚುಚ್ಚುತ್ತಾರೆ. ಒದ್ದೆ ಬಟ್ಟೆಗೆ ಡಯಲ್ ಗಾಜಿನ ಮೇಲೆ ಬಣ್ಣದಲ್ಲಿ ಅಚ್ಚಾಗಿದ್ದ ಊರುಗಳ ಹೆಸರುಗಳು ಅಂಟಿಕೊಂಡು ಬರುತ್ತವೆ. ಪ್ಲಗ್ಗಿಗೆ ಟ್ರಾನ್ಸ್‌ಫಾರ್ಮರ್ ಬಲಿಯಾಗುತ್ತದೆ. ಐವತ್ತು ವರ್ಷ ಸುಮ್ಮನೆ ಕೂತಿದ್ದ ಪೆಟ್ಟಿಗೆ ಐದು ನಿಮಿಷದಲ್ಲಿ ಸುಟ್ಟ ವಾಸನೆ ಬೀರುತ್ತದೆ.

ಇಂಥ ಅಟ್ಟಗಳಿರುವ ಊರುಗಳಲ್ಲೊಂದು ಭೀಮರಾಯನಗುಡಿ. ಸುತ್ತಲಿನವರ ಬಾಯಲ್ಲಿ ಬಿ. ಗುಡಿಯಾದ ಇದು ಶಹಾಪುರದ ಪಕ್ಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳ ಸುತ್ತ ಬೆಳೆದ ಊರು. ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಅನುಕೂಲಸ್ಥರ ಪಡಸಾಲೆಯ ರೇಡಿಯೊ ಎಂದರೆ ಕ್ರೋಶಾ ಹೊದಿಕೆ ಹೊದ್ದು ಮೇಜಿನ ಮೇಲೆ ಕೂತ ಮರದ ಪೆಟ್ಟಿಗೆ, ಒಳಗೆ ಬಿಸಿಯಾಗುವ ಗಾಜಿನ ವಾಲ್ವುಗಳು. ಅದೇ ಯೋಜನೆಯ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿಯುವ ಹೊತ್ತಿಗೆ ಆ ಪೆಟ್ಟಿಗೆಯ ಕಾಲ ಮುಗಿದಿತ್ತು. ಅಂಗೈ ಅಗಲದ ಟ್ರಾನ್ಸಿಸ್ಟರ್ ಹೊಲಕ್ಕೂ ಕಾಲುವೆ ಕೆಲಸದ ಜಾಗಕ್ಕೂ ಹೋಗುತ್ತಿತ್ತು. ದೊಡ್ಡ ರೇಡಿಯೊ ಅಟ್ಟ ಹತ್ತಿತು. ಬಿಸಾಡಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ಈ ಭಾಗಕ್ಕೆ ರೇಡಿಯೊ ಬಂದ ದಾರಿಯೂ ಉಳಿದ ಕರ್ನಾಟಕದ್ದಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿ, ಮುಂದೆ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಕೂಡಿಬಂದ ಕತೆ ಎಲ್ಲರಿಗೂ ಗೊತ್ತು. ಅದೇ ವರ್ಷ ನಿಜಾಮ್ ಸರ್ಕಾರ ಹೈದರಾಬಾದಿನ ಖಾಸಗಿ ಕೇಂದ್ರವೊಂದನ್ನು ವಹಿಸಿಕೊಂಡು ಡೆಕ್ಕನ್ ರೇಡಿಯೊ ನಡೆಸತೊಡಗಿತು. ಸುರಪುರ, ಶಹಾಪುರ, ಯಾದಗಿರಿ ಆಗ ಆ ಸಂಸ್ಥಾನದೊಳಗಿನ ಊರುಗಳು. 1948ರ ಸೆಪ್ಟೆಂಬರ್ 17ರಂದು ಭಾರತದ ಸೇನೆಯೊಂದಿಗಿನ ಕದನ ನಿಲ್ಲಿಸಿದ ಸುದ್ದಿಯನ್ನು ನಿಜಾಮರು ಹೇಳಿದ್ದೂ ರೇಡಿಯೊದಲ್ಲಿಯೇ. ಧಾರವಾಡ ಕೇಂದ್ರ ಹುಟ್ಟಿದ್ದು 1950ರಲ್ಲಿ. ಕಲಬುರಗಿಗೆ ಸ್ವಂತ ಕೇಂದ್ರ ಬರಲು 1966ರವರೆಗೆ ಕಾಯಬೇಕಾಯಿತು. ನಡುವೆ ಸಂಜೆಗಳನ್ನು ಆಳಿದ್ದು ಶಾರ್ಟ್‌ವೇವ್‌ನ ರೇಡಿಯೊ ಸಿಲೋನ್, 1952ರಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. ಇಷ್ಟಕ್ಕೂ ಸುಮ್ಮನೆ ಕೇಳುವಂತಿರಲಿಲ್ಲ. ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕು. ಆ ಪದ್ಧತಿ ಪೂರ್ತಿ ಹೋದದ್ದು ಎಂಬತ್ತರ ದಶಕದಲ್ಲಿ. ರೇಡಿಯೊ ಜೊತೆಗೆ ಆ ಪುಟ್ಟ ಲೈಸೆನ್ಸ್ ಪುಸ್ತಕವೂ ಸಿಕ್ಕರೆ ರಿಪೇರಿಗೆ ಕೂರುವವರಿಗೆ ದೊಡ್ಡ ಉಪಕಾರ. ಸೆಟ್ಟು ಯಾವ ಕಾಲದ್ದೆಂದು ಊಹಿಸುವ ಕೆಲಸ ಅರ್ಧ ಮುಗಿದಂತೆಯೇ.

ಇನ್ನರ್ಧ ವಾಲ್ವುಗಳ ಮೇಲೆ ಬರೆದಿರುತ್ತದೆ. ಹಿಂದಿನ ರಟ್ಟು ಬಿಚ್ಚಿ, ಹಲ್ಲಿ ಮೊಟ್ಟೆ, ಜಿರಳೆ ರೆಕ್ಕೆ, ಕರಿಮಣ್ಣಿನ ಧೂಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ಸರಿಸಿದರೆ ಗಾಜಿನ ಮೇಲೆ ಇಸಿಎಚ್81, ಇಬಿಎಫ್89, ಇಎಲ್84 ಎಂಬಂಥ ಗುರುತುಗಳು ಕಾಣುತ್ತವೆ. ಇಲ್ಲಿಯೂ ಕೈ ಹಗುರವಿರಬೇಕು, ಜೋರಾಗಿ ಒರೆಸಿದರೆ ಆ ಬರಹವೂ ಮಾಯ. ಇದು ಯುರೋಪಿನಲ್ಲಿ ಹುಟ್ಟಿದ ಹೆಸರಿಡುವ ಪದ್ಧತಿ. ಮೊದಲ ಅಕ್ಷರ ಒಳಗಿನ ತಂತಿ ಕಾಯಲು ಏನು ಬೇಕೆಂದು ಹೇಳುತ್ತದೆ: ‘ಇ’ ಇದ್ದರೆ 6.3 ವೋಲ್ಟ್, ‘ಡಿ’ ಇದ್ದರೆ ಬ್ಯಾಟರಿಯ 1.4 ವೋಲ್ಟ್, ‘ಯು’ ಇದ್ದರೆ 100 ಮಿಲಿಆಂಪಿಯರ್. ಮುಂದಿನ ಅಕ್ಷರಗಳು ಅದರ ಉದ್ಯೋಗ. ‘ಎಲ್’ ಸ್ಪೀಕರಿಗೆ ಶಕ್ತಿ ಕೊಡುವುದು, ‘ಝಡ್’ ಎಸಿಯನ್ನು ಡಿಸಿ ಮಾಡುವುದು, ‘ಎಂ’ ಸ್ಟೇಷನ್ ಸರಿಯಾಗಿ ಸಿಕ್ಕಿತೇ ಎಂದು ತೋರಿಸುವ ಹಸಿರು ಕಣ್ಣು.

ಹಲವು ಸೆಟ್ಟುಗಳಲ್ಲಿ ಈ ಸಂಖ್ಯೆಯ ಪಕ್ಕದಲ್ಲಿಯೇ ‘ಬಿಇಎಲ್’ ಎಂದೂ ಇರುತ್ತದೆ. ಪೆಟ್ಟಿಗೆಯ ಮುಂದೆ ಮರ್ಫಿ, ಫಿಲಿಪ್ಸ್, ಬುಷ್ ಎಂದು ಪರದೇಶದ ಹೆಸರು ಮಿನುಗುತ್ತಿದ್ದರೂ ಒಳಗಿನ ಜೀವ ಬೆಂಗಳೂರಿನ ಜಾಲಹಳ್ಳಿಯದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಹೊಸ ವಾಲ್ವು ಹುಡುಕುವವರು ಈಗಲೂ ಹಳೆಯ ಬಿಇಎಲ್ ದಾಸ್ತಾನಿಗೇ ಕೈ ಹಾಕುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಯಾದಗಿರಿಯವರಿಗೆ ಎರಡನೆಯದೇ ಹತ್ತಿರ.

ಹಾಗೆ ನೋಡಿದರೆ ವಾಲ್ವು ಸಾಯುವುದು ಕಡಿಮೆ. ಸತ್ತಿರುವುದು ಕಂಡೆನ್ಸರ್. ಆ ಕಾಲದ ಕಂಡೆನ್ಸರುಗಳಲ್ಲಿ ಎರಡು ಲೋಹದ ಹಾಳೆಗಳ ನಡುವೆ ಕಾಗದ ಸುತ್ತಿ, ಮೇಲೆ ಮೇಣ ಹೊಯ್ಯುತ್ತಿದ್ದರು. ಮೇಣ ಬಿರುಕು ಬಿಟ್ಟು ಮಳೆಗಾಲದ ತೇವ ಒಳಗೆ ಹೋದರೆ ತಡೆಯಬೇಕಾದ ಡಿಸಿಯನ್ನು ಕಾಗದ ಸೋರಬಿಡುತ್ತದೆ. ಅದರಲ್ಲೂ ಔಟ್‌ಪುಟ್ ವಾಲ್ವಿನ ಮುಂದೆ ಕೂತಿರುವ ಒಂದು ಕಂಡೆನ್ಸರಿನ ಕತೆ ಕೇಳಬೇಕು. ಬೆಲೆಗೆ ಕೆಲವೇ ರೂಪಾಯಿಯ ಸಾಮಾನು. ಅದು ಸೋರಿದರೆ ವಾಲ್ವು ಹಿಡಿತ ತಪ್ಪಿ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆ ತಂತಿ ಸುಡುತ್ತದೆ. ‘ಸ್ವಲ್ಪ ಹೊತ್ತು ಹಾಡಿತ್ತು, ಆಮೇಲೆ ನಿಂತಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಆದ್ದರಿಂದ ತಿಳಿದವರು ಮೊದಲ ಒಂದೆರಡು ವಾರ ಪ್ಲಗ್ಗಿನ ಹತ್ತಿರಕ್ಕೇ ಹೋಗುವುದಿಲ್ಲ. ಎಲ್ಲ ಕೋನದಿಂದ ಫೋಟೊ ತೆಗೆಯುತ್ತಾರೆ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆಯೆಂದು ನಾಳೆ ನೆನಪಿರುವುದಿಲ್ಲ. ಮೀಟರ್ ಹಿಡಿದು ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಕಾಯಿಲ್ ತುಂಡಾಗಿಲ್ಲವೆಂದು ನೋಡುತ್ತಾರೆ. ರೆಸಿಸ್ಟರುಗಳನ್ನು ಅಳೆಯುತ್ತಾರೆ, ಹಳೆಯ ಇದ್ದಿಲಿನ ರೆಸಿಸ್ಟರುಗಳಿಗೆ ವಯಸ್ಸಾದಂತೆ ರೋಧ ಏರುವ ಚಾಳಿ. ಕಾಗದದ ಕಂಡೆನ್ಸರುಗಳನ್ನು ಒಂದೊಂದಾಗಿ ಬದಲಿಸುತ್ತಾರೆ; ಎಲ್ಲವನ್ನೂ ಒಮ್ಮೆಗೇ ಕಿತ್ತರೆ ದಿಕ್ಕು ತಪ್ಪುವುದು ಖಂಡಿತ. ಇಲ್ಲಿ ಎರಡು ಪಂಗಡಗಳಿವೆ. ಹೊಸ ಕಂಡೆನ್ಸರ್ ಬೆಸೆದು ಮುಗಿಸುವವರು ಒಂದು ಕಡೆ. ಹಳೆಯ ಕೊಳವೆಯ ಒಳಗಿನದ್ದನ್ನು ಬಿಸಿಮಾಡಿ ಹೊರತೆಗೆದು, ಹೊಸದನ್ನು ಅದರ ಹೊಟ್ಟೆಯಲ್ಲಿ ಅಡಗಿಸಿ, ಮತ್ತೆ ಮೇಣದಿಂದ ಬಾಯಿ ಮುಚ್ಚುವವರು ಇನ್ನೊಂದು ಕಡೆ. ಎರಡನೆಯವರದು ಸ್ವಲ್ಪ ಹುಚ್ಚೇ ಸರಿ, ರಟ್ಟು ಮುಚ್ಚಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಆದರೆ ಮುಂದೆ ಇನ್ನೊಬ್ಬರು ಬಿಚ್ಚಿದಾಗ ಅವರಿಗೆ ಕಾಣುವುದು 1960ರ ರೇಡಿಯೊ.

ಯು ಅಕ್ಷರದ ವಾಲ್ವುಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಎಸಿ, ಡಿಸಿ ಎರಡರಲ್ಲೂ ನಡೆಯುವ ಈ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಲೈನಿನ ಒಂದು ತಂತಿ ನೇರ ತಗಡಿನ ಚಾಸಿಗೆ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾದರೆ ಚಾಸಿಯಲ್ಲೇ 230 ವೋಲ್ಟ್. ಗುಬುಟಿ ಕಳೆದುಹೋಗಿ ಕಬ್ಬಿಣದ ಕಡ್ಡಿ ಹೊರಗೆ ಕಾಣುತ್ತಿರುವ ಇಂಥ ಸೆಟ್ಟನ್ನು ಮಕ್ಕಳಿರುವ ಮನೆಯಲ್ಲಿ ಹಾಗೇ ಇಡಬಾರದು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟೂ ಸಾಧುವಲ್ಲ. ಆರಿಸಿದ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಇನ್ನೂರಕ್ಕೂ ಹೆಚ್ಚು ವೋಲ್ಟ್ ಕೂತಿರಬಹುದು. ಬೆಸುಗೆ ಹಿಡಿದು ಅಭ್ಯಾಸವಿಲ್ಲದವರು ಇಲ್ಲಿಗೆ ಹಳೆಯ ಮೆಕ್ಯಾನಿಕ್ಕರೊಬ್ಬರನ್ನು ಕರೆದುಕೊಳ್ಳುವುದೇ ಜಾಣತನ.

ಬ್ಯಾಂಡ್ ಸ್ವಿಚ್ಚಿನದು ಬೇರೆ ಗೋಳು. ಮೀಡಿಯಂವೇವ್‌ನಿಂದ ಶಾರ್ಟ್‌ವೇವ್‌ಗೆ ತಿರುಗಿಸುವಾಗ ಕರಕರ ಎನ್ನುವುದು ಅದರ ಹಿತ್ತಾಳೆ ನಾಲಿಗೆಗಳಿಗೆ ಹಿಡಿದ ಕಿಲುಬು. ಹಿಂದೆ ಅಂಗಡಿಗಳಲ್ಲಿ ‘ಸಿಟಿಸಿ’ ಎಂಬ ದ್ರವ ಹಾಕಿ ತೊಳೆಯುತ್ತಿದ್ದರು. ಅದು ಕಾರ್ಬನ್ ಟೆಟ್ರಾಕ್ಲೋರೈಡ್, ಯಕೃತ್ತಿಗೆ ವಿಷ. ಈಗ ಸ್ಪ್ರೇ ಡಬ್ಬಿಯ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಮರಳು ಕಾಗದ ಮಾತ್ರ ಸಲ್ಲದು, ಅದು ಕಿಲುಬಿನ ಜೊತೆ ಮೇಲಿನ ಲೇಪವನ್ನೂ ತಿಂದುಹಾಕುತ್ತದೆ.

ಇದೇ ಮಾತನ್ನು ಅಮೆರಿಕದಲ್ಲಿ ಹಳೆಯ ಪಿನ್‌ಬಾಲ್ ಮಷೀನು ರಿಪೇರಿ ಮಾಡುವವರೂ ಹೇಳುತ್ತಾರೆ. ಉಕ್ಕಿನ ಗುಂಡು ಇಳಿಜಾರು ಹಲಗೆಯ ಮೇಲೆ ಉರುಳಿ, ಗಂಟೆಗೆ ಬಡಿದು ಅಂಕ ಗಳಿಸುವ ಆ ಆಟದ ಪೆಟ್ಟಿಗೆ ನಮ್ಮ ಕಡೆ ಮನೆಮಾತಾಗಲಿಲ್ಲ. ಅಲ್ಲಿ ಅದಕ್ಕೆ ರೇಡಿಯೊದಷ್ಟೇ ದೊಡ್ಡ ಚರಿತ್ರೆ. ಗುಂಡನ್ನು ಮೇಲಕ್ಕೆ ಹೊಡೆಯುವ ‘ಫ್ಲಿಪ್ಪರ್’ ಎಂಬ ಪುಟ್ಟ ಕೈಗಳು ಮೊದಲು ಬಂದದ್ದು ಷಿಕಾಗೊದ ಗಾಟ್ಲೀಬ್ ಕಂಪನಿಯ 1947ರ ಹಂಪ್ಟಿ ಡಂಪ್ಟಿ ಆಟದಲ್ಲಿ. ಜೂಜೆಂದು ಬಗೆದು ನ್ಯೂಯಾರ್ಕ್ ನಗರ 1942ರಿಂದ 1976ರವರೆಗೆ ಅದನ್ನು ನಿಷೇಧಿಸಿತ್ತು. ಹಳೆಯ ಪಿನ್‌ಬಾಲ್ ಒಳಗೆ ಕಂಪ್ಯೂಟರ್ ಚಿಪ್ ಇಲ್ಲ. ಕಾಯಿಲ್, ರಿಲೇ, ನೂರಾರು ಹಿತ್ತಾಳೆ ನಾಲಿಗೆಗಳು, ಮೈಲುದ್ದದ ಬಟ್ಟೆ ಸುತ್ತಿದ ತಂತಿ. ಹೆಚ್ಚಿನ ರೋಗವೂ ಒಂದೇ, ಕಿಲುಬು. ಗುಂಡು ಉರುಳಿ ಸವೆದ ಚಿತ್ರಕ್ಕೆ ಹೊಸ ಬಣ್ಣ ಬಳಿಯಬೇಕೋ ಬಾರದೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಇಲ್ಲಿ ಅದೇ ಜಗಳ ಮರದ ಪೆಟ್ಟಿಗೆಯ ಮೇಲೆ. ಆ ಕಾಲದ ಹೊಳಪು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನದು, ಬಟ್ಟೆಯ ಉಂಡೆಯಿಂದ ತೆಳ್ಳಗೆ ಹತ್ತಾರು ಸಲ ಉಜ್ಜಿ ಬರಿಸಿದ್ದು. ಅದನ್ನು ಕೆರೆದು ಪಾಲಿಯುರೆಥೇನ್ ಹೊಡೆದರೆ ಪೆಟ್ಟಿಗೆ ಹೊಸ ಶೋಕೇಸಿನಂತೆ ಮಿರಮಿರ ಮಿಂಚುತ್ತದೆ, ಹಳೆಯದೆಂದು ಹೇಳಿದರೂ ನಂಬುವವರಿಲ್ಲ. ಬೇಕಲೈಟ್ ಪೆಟ್ಟಿಗೆಯಾದರೆ ಈ ತಂಟೆಯಿಲ್ಲ. ಹಿತ್ತಾಳೆ ಪಾಲಿಶ್ ಹಚ್ಚಿ ಕೈ ನೋಯುವವರೆಗೆ ಉಜ್ಜಿದರಾಯಿತು.

ತಾಳ್ಮೆಯ ನಿಜವಾದ ಪರೀಕ್ಷೆ ಡಯಲ್ ದಾರ. ಗುಬುಟಿ ತಿರುಗಿಸಿದಾಗ ಮುಳ್ಳನ್ನು ಗಾಜಿನುದ್ದಕ್ಕೆ ಎಳೆಯುವ ಈ ದಾರ ನಾಲ್ಕೈದು ಗಾಲಿಗಳನ್ನು ಸುತ್ತಿ, ಒಂದು ಡ್ರಮ್ಮಿಗೆ ಎರಡು ಸುತ್ತು ಹಾಕಿ, ಸ್ಪ್ರಿಂಗಿನಲ್ಲಿ ಕೊನೆಯಾಗುತ್ತದೆ. ಇಲಿ ಕಡಿದಿದ್ದರೆ ಅದು ಹೋಗಿದ್ದ ದಾರಿಯ ನಕ್ಷೆಯೂ ಹೋಯಿತು. ಎರಡು ಕೈಗೆ ಮೂರನೆಯದೊಂದು ಬೇಕಾಗುವ ಕೆಲಸ. ಗಂಟು ಬಿಗಿಯುವ ಹೊತ್ತಿಗೆ ದಾರ ಎಲ್ಲೋ ಒಂದು ಗಾಲಿಯಿಂದ ಜಾರುತ್ತದೆ. ಮನೆಯಲ್ಲಿ ಹೂ ಕಟ್ಟಿ ಪಳಗಿದ ಕೈಯಿದ್ದರೆ ಆ ಕೈಗೆ ಕೊಡುವುದು ಒಳ್ಳೆಯದು.

ಮುಟ್ಟಲೇಬಾರದ ಜಾಗವೊಂದಿದೆ. ಚಾಸಿಯ ಮೇಲೆ ನಿಂತ ಚೌಕ ತಗಡಿನ ಡಬ್ಬಿಗಳು, ಅವುಗಳ ತುದಿಯಲ್ಲಿ ಸ್ಕ್ರೂ ತರಹದ ಕರಿ ಕಡ್ಡಿ. ಬಂದ ಯಾವುದೇ ಅಲೆಯನ್ನು ಸುಮಾರು 455 ಕಿಲೋಹರ್ಟ್ಸ್‌ಗೆ ಇಳಿಸಿಕೊಂಡು ಹಿಗ್ಗಿಸುವ ಏರ್ಪಾಡು ಅದು, ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ್ದು. ಕಾರ್ಖಾನೆಯಲ್ಲಿ ಉಪಕರಣ ಇಟ್ಟು ಕೂರಿಸಿದ ಆ ಕಡ್ಡಿಯನ್ನು ‘ಸ್ವಲ್ಪ ಸಡಿಲ ಆದಂಗದ’ ಎಂದು ತಿರುಗಿಸಿದ ಕೈಗಳಿಂದ ಕೆಟ್ಟ ಸೆಟ್ಟುಗಳು, ಇಲಿಯಿಂದ ಕೆಟ್ಟವಕ್ಕಿಂತ ಕಡಿಮೆ ಇರಲಾರವು.

ಎಲ್ಲ ಮುಗಿದ ಮೇಲೆ ಪ್ಲಗ್, ಅದೂ ನೇರವಾಗಿ ಅಲ್ಲ. ನಡುವೆ 60 ಅಥವಾ 100 ವಾಟಿನ ಹಳೆಯ ತಂತಿ ಬಲ್ಬು ಸೀರೀಸ್‌ನಲ್ಲಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ರೇಡಿಯೊವನ್ನು ಉಳಿಸುತ್ತದೆ. ಎಲ್‌ಇಡಿ ಈ ಕೆಲಸಕ್ಕೆ ಬಾರದು. ತಂತಿ ಬಲ್ಬನ್ನೂ ಈಗ ಹುಡುಕಬೇಕು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಶುಭ. ಅರ್ಧ ನಿಮಿಷ ಏನೂ ಇಲ್ಲ. ವಾಲ್ವಿನ ತಳದಲ್ಲಿ ಕಿತ್ತಳೆ ಬೆಳಕು, ಸಣ್ಣಗೆ ಗುಂಯ್ ಎನ್ನುವ ಸದ್ದು, ಬಿಸಿಯಾದ ಧೂಳಿನ ವಾಸನೆ. ಆಮೇಲೆ ಹಸಿರು ಕಣ್ಣು ತೆರೆಯುತ್ತದೆ, ಬಹಳ ಸಲ ಮಂಕಾಗಿಯೇ. ಉರಿದು ಸವೆದ ಆ ಹಸಿರನ್ನು ಮರಳಿ ತರುವ ಉಪಾಯವಿಲ್ಲ, ಇದ್ದಷ್ಟಕ್ಕೆ ಬಿಡಬೇಕು.

ಕೇಳುವುದಾದರೂ ಏನನ್ನು? ಹಳೆಯ ಡಯಲ್‌ಗಳಲ್ಲಿ ಅಂಕಿಗಳು ಮೀಟರುಗಳಲ್ಲಿವೆ. 3,00,000ವನ್ನು ಕಿಲೋಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಮೀಟರು ಸಿಗುತ್ತದೆ: ಧಾರವಾಡದ 765 ಇಲ್ಲಿ 392, ಬೆಂಗಳೂರಿನ 612 ಇಲ್ಲಿ 490. ಶಾರ್ಟ್‌ವೇವ್ ಬಹುಪಾಲು ಖಾಲಿಯಾಗಿದೆ, ಬಿಬಿಸಿ ಹಿಂದಿಯೂ 2020ರಲ್ಲಿ ಅದನ್ನು ಬಿಟ್ಟಿತು. ಎಫ್‌ಎಂ ಈ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇಲ್ಲವೇ ಇಲ್ಲ. ಅದಕ್ಕೇ ಹಲವರು ಹಿಂಬದಿಯ ‘ಪಿಕ್‌ಅಪ್’ ತೂತುಗಳನ್ನು ನೆಚ್ಚಿಕೊಂಡಿದ್ದಾರೆ. ಗ್ರಾಮಫೋನ್ ಜೋಡಿಸಲೆಂದು ಇಟ್ಟಿದ್ದ ಆ ತೂತಿಗೆ ಮೊಬೈಲ್ ಜೋಡಿಸಿದರೆ ಮಲ್ಲಿಕಾರ್ಜುನ ಮನ್ಸೂರರ ದನಿ ವಾಲ್ವಿನ ಮೂಲಕ ಬರುತ್ತದೆ. ಎಸಿ–ಡಿಸಿ ಸೆಟ್ಟುಗಳಿಗೆ ಮಾತ್ರ ಇದು ಅಪಾಯ, ಮೊಬೈಲ್ ನೇರ ಲೈನಿಗೇ ಸೇರಿದಂತೆ.

ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳೆಲ್ಲ ಮೀಡಿಯಂವೇವ್ ಮೇಲೆ ಬರ್ ಎನ್ನುವ ಗದ್ದಲ ಚೆಲ್ಲುತ್ತವೆ. ಡಿ ಅಕ್ಷರದ ಸೆಟ್ಟುಗಳ ಭಾಗ್ಯ ತೆರೆಯುವುದು ಇಲ್ಲಿ. ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ ಮಾಡಿದ್ದ ಅವು 90 ವೋಲ್ಟಿನ ಬ್ಯಾಟರಿ ಕಟ್ಟಿನಲ್ಲಿ ನಡೆಯುತ್ತಿದ್ದವು. ಆ ಕಟ್ಟು ಈಗ ಅಂಗಡಿಗೆ ಬರುವುದಿಲ್ಲ. ಹತ್ತು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ವಾಲ್ವಿನ ತಂತಿಗೆ ಟಾರ್ಚಿನ ದೊಡ್ಡ ಸೆಲ್ಲೊಂದನ್ನು ಬೇರೆಯಾಗಿ ಕೊಟ್ಟರೆ ಕೆಲಸವಾಗುತ್ತದೆ. ಎರಡರ ತಂತಿ ಅದಲುಬದಲಾದರೆ ಎಲ್ಲ ವಾಲ್ವುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತವೆ, ಹಾಗಾಗಿ ಒಂದಕ್ಕೆ ಕೆಂಪು ತಂತಿ, ಒಂದಕ್ಕೆ ಹಳದಿ. ಸೂರ್ಯ ಮುಳುಗಿ ದೂರದ ಮೀಡಿಯಂವೇವ್ ಅಲೆಗಳು ಆಕಾಶಕ್ಕೆ ತಾಗಿ ಇಳಿಯುವ ಹೊತ್ತಿಗೆ ಓಣಿಯ ಕರೆಂಟ್ ಹೋಗಬೇಕು. ಗದ್ದಲ ತಟ್ಟನೆ ನಿಲ್ಲುತ್ತದೆ; ತಮಿಳೋ ಉರ್ದುವೋ ಒಂದು ಸ್ಟೇಷನ್ನು ಮೆಲ್ಲಗೆ ಏರಿ ಇಳಿಯುತ್ತ ಕೇಳತೊಡಗುತ್ತದೆ. ಬ್ಯಾಟರಿ ಉಳಿಸಲೆಂದು ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಡಯಲ್ ದೀಪ ಇಡುತ್ತಿರಲಿಲ್ಲ. ಮುಳ್ಳು ಎಲ್ಲಿ ನಿಂತಿದೆಯೆಂದು ತಿಳಿಯಲು ಪಕ್ಕದಲ್ಲೊಬ್ಬರು ಮೊಬೈಲ್ ಟಾರ್ಚ್ ಹಿಡಿಯಬೇಕು.